ಟಿಕೆಟ್ ಮಾರದ ಆಟಗಳಿಗೇ ಮೊದಲ ಕತ್ತರಿ ಏಕೆ?

2021ರ ಮಾರ್ಚ್ ತಿಂಗಳು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಿಶ್ವವಿದ್ಯಾಲಯಗಳ ರಾಷ್ಟ್ರೀಯ ಕುಸ್ತಿ ಚಾಂಪಿಯನ್‌ಷಿಪ್. 165 ಪೌಂಡ್ ವಿಭಾಗದ ಫೈನಲ್‌ಗೆ ಶೇನ್ ಗ್ರಿಫಿತ್ ಬಂದಾಗ ಅವರ ಮೈಮೇಲಿದ್ದದ್ದು ಬರಿಯ ಕಪ್ಪು ದಿರಿಸು. ಅದರ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಿರಲಿಲ್ಲ, ಲಾಂಛನವೂ ಇರಲಿಲ್ಲ. ಅವರು ಅಲ್ಲಿಯ ವಿದ್ಯಾರ್ಥಿ, ಅಲ್ಲಿಯ ತಂಡದ ಪೈಲ್ವಾನ. ಆದರೆ ಎಂಟು ತಿಂಗಳ ಹಿಂದೆಯೇ ಅವರ ವಿಶ್ವವಿದ್ಯಾಲಯ ಕುಸ್ತಿ ತಂಡವನ್ನು ಮುಚ್ಚುವುದಾಗಿ ಘೋಷಿಸಿತ್ತು. ಗ್ರಿಫಿತ್ ಆ ಫೈನಲ್ ಗೆದ್ದರು. ಸ್ಟ್ಯಾನ್‌ಫರ್ಡ್ ಕುಸ್ತಿಯ ಇತಿಹಾಸದಲ್ಲಿ ಅದು ಎರಡನೆಯ ವೈಯಕ್ತಿಕ ರಾಷ್ಟ್ರೀಯ ಪ್ರಶಸ್ತಿ.

ಗೆದ್ದ ತಂಡವನ್ನು ಮುಚ್ಚುವುದು ಹೇಗೆ ಸಾಧ್ಯ? ಅದೂ ಆ ಹೊತ್ತಿಗೆ 2,700 ಕೋಟಿ ಡಾಲರಿಗೂ ಮಿಕ್ಕಿದ ದತ್ತಿನಿಧಿ ಹೊಂದಿದ್ದ ವಿಶ್ವವಿದ್ಯಾಲಯಕ್ಕೆ ಒಂದು ಕುಸ್ತಿ ತಂಡ ಭಾರವಾಗುವುದು ಹೇಗೆ? ಉತ್ತರ ತಿಳಿಯಬೇಕಾದರೆ ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಹಣ ಎಲ್ಲಿಂದ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹರಿಯುತ್ತದೆ, ಎಲ್ಲಿ ಹೋಗಿ ಇಂಗುತ್ತದೆ ಎನ್ನುವುದನ್ನು ನೋಡಬೇಕು.

ಮೊದಲು ನಮ್ಮಲ್ಲಿಗೂ ಅಲ್ಲಿಗೂ ಇರುವ ವ್ಯತ್ಯಾಸ. ಭಾರತದಲ್ಲಿ ಒಬ್ಬ ಓಟಗಾರ್ತಿಯೋ ಕುಸ್ತಿಪಟುವೋ ಬೆಳೆಯುವುದು ಕ್ರೀಡಾ ಪ್ರಾಧಿಕಾರದ ಹಾಸ್ಟೆಲುಗಳಲ್ಲಿ, ಸೇನೆಯ ಶಿಬಿರಗಳಲ್ಲಿ, ರೈಲ್ವೆಯ ನೌಕರಿಯ ಆಸರೆಯಲ್ಲಿ. ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳು ನಡೆಯುತ್ತವೆ, ಆದರೆ ಒಲಿಂಪಿಕ್ ತಂಡ ಅವುಗಳ ಮೇಲೆ ನಿಂತಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರದಲ್ಲಿ ಕ್ರೀಡಾ ಸಚಿವಾಲಯವೇ ಇಲ್ಲ. ಆ ಕೆಲಸವನ್ನೆಲ್ಲ ಅಲ್ಲಿ ಹೊತ್ತುಕೊಂಡಿರುವುದು ವಿಶ್ವವಿದ್ಯಾಲಯಗಳು. ಈಜುಕೊಳ, ವ್ಯಾಯಾಮಶಾಲೆ, ತರಬೇತುದಾರರ ಸಂಬಳ, ವೈದ್ಯರು, ಪ್ರಯಾಣ, ವಿದ್ಯಾರ್ಥಿವೇತನ ಎಲ್ಲವೂ ಅವುಗಳ ಹೊಣೆ. ಇತ್ತೀಚಿನ ಒಲಿಂಪಿಕ್ಸ್‌ಗಳಲ್ಲಿ ಅಮೆರಿಕವನ್ನು ಪ್ರತಿನಿಧಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಕಾಲೇಜು ತಂಡಗಳಲ್ಲಿ ಆಡಿ ಬಂದವರು.

ಈ ಕಾಲೇಜು ಕ್ರೀಡೆಗಳನ್ನು ಅಲ್ಲಿ ಎರಡು ಪಂಗಡವಾಗಿ ನೋಡುತ್ತಾರೆ. ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಆದಾಯ ತರುವ ಕ್ರೀಡೆಗಳು. ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್, ಟೆನಿಸ್, ರೋಯಿಂಗ್, ಕತ್ತಿವರಸೆ, ಓಟ-ಜಿಗಿತಗಳು ಆದಾಯ ತರದವು. ಎರಡನೆಯ ಪಂಗಡಕ್ಕೆ ಒಲಿಂಪಿಕ್ ಕ್ರೀಡೆಗಳು ಎಂಬ ಗೌರವದ ಹೆಸರೂ ಇದೆ. ಮೊದಲ ಪಂಗಡದ ದೂರದರ್ಶನ ಹಕ್ಕುಗಳ ಮೊತ್ತ ಕೇಳಿದರೆ ತಲೆ ತಿರುಗುತ್ತದೆ. ಬಿಗ್ ಟೆನ್ ಎಂಬ ಒಂದೇ ಒಂದು ವಿಶ್ವವಿದ್ಯಾಲಯ ಕೂಟ 2022ರಲ್ಲಿ ಏಳು ವರ್ಷಗಳಿಗೆ ಮಾಡಿಕೊಂಡ ಒಪ್ಪಂದ 700 ಕೋಟಿ ಡಾಲರಿಗೂ ಹೆಚ್ಚಿನದು. ಕಾಲೇಜು ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಬದುಕಿರುವುದೇ ಪ್ರತಿವರ್ಷ ಮಾರ್ಚ್‌ನಲ್ಲಿ ನಡೆಯುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಪ್ರಸಾರದ ಹಣದಿಂದ.

ಹಾಗಾದರೆ ಫುಟ್‌ಬಾಲ್ ದುಡಿದು ಹಾಕುತ್ತದೆ, ಉಳಿದವು ಕೂತು ತಿನ್ನುತ್ತವೆ ಎಂದು ಅನ್ನಿಸುವುದು ಸಹಜ. ಅಷ್ಟು ಸರಳವಲ್ಲ. ಅತ್ಯುನ್ನತ ಹಂತದಲ್ಲಿ ಫುಟ್‌ಬಾಲ್ ಆಡುವ ಸುಮಾರು 130 ವಿಶ್ವವಿದ್ಯಾಲಯಗಳಲ್ಲಿ, 2019ರ ಎನ್‌ಸಿಎಎ ಲೆಕ್ಕದ ಪ್ರಕಾರ, ಕ್ರೀಡಾ ವಿಭಾಗ ತಾನೇ ಗಳಿಸಿದ ಹಣದಲ್ಲಿ ಖರ್ಚು ಕಳೆದು ಉಳಿಸಿದ್ದು 25 ಕಡೆ ಮಾತ್ರ. ಮಿಕ್ಕ ಕಡೆ ವಿದ್ಯಾರ್ಥಿಗಳ ಶುಲ್ಕವೂ ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯೂ ಕೊರತೆ ತುಂಬುತ್ತವೆ. ಆದಾಯ ತರುವ ಕ್ರೀಡೆ ಎಂಬ ಮಾತು ಹಣ ಒಳಗೆ ಬರುವುದನ್ನು ಹೇಳುತ್ತದೆಯೇ ಹೊರತು ಉಳಿಯುವುದನ್ನಲ್ಲ. ಬಂದ ಹಣ ಅದೇ ಫುಟ್‌ಬಾಲಿನ ಕ್ರೀಡಾಂಗಣಕ್ಕೆ, ತರಬೇತಿ ಸೌಧಕ್ಕೆ, ಮುಖ್ಯ ತರಬೇತುದಾರರ ಸಂಬಳಕ್ಕೆ ಮರಳುತ್ತದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರಿನಲ್ಲಿ ತನ್ನ ಫುಟ್‌ಬಾಲ್ ತರಬೇತುದಾರರನ್ನು ಅವಧಿಗೆ ಮುನ್ನವೇ ಮನೆಗೆ ಕಳುಹಿಸಲು ಒಪ್ಪಿಕೊಂಡ ಮೊತ್ತ 7.5 ಕೋಟಿ ಡಾಲರಿಗೂ ಹೆಚ್ಚು. ಒಬ್ಬ ವ್ಯಕ್ತಿ ಕೆಲಸ ಮಾಡದೆ ಇರುವುದಕ್ಕೆ ಕೊಡುವ ಹಣ ಅದು. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಲೆಕ್ಕಗಳನ್ನು ಓದಬೇಕೆಂದು ನನ್ನ ಕೋರಿಕೆ.

2020ರ ಮಾರ್ಚ್ 12ರಂದು ಕೋವಿಡ್ ಕಾರಣಕ್ಕೆ ಎನ್‌ಸಿಎಎ ತನ್ನ ಬ್ಯಾಸ್ಕೆಟ್‌ಬಾಲ್ ಟೂರ್ನಿಯನ್ನೇ ರದ್ದುಮಾಡಿತು. ಆ ವರ್ಷ ವಿಶ್ವವಿದ್ಯಾಲಯಗಳಿಗೆ ಹಂಚಬೇಕಿದ್ದ 60 ಕೋಟಿ ಡಾಲರ್ 22.5 ಕೋಟಿಗೆ ಇಳಿಯಿತು. ಆಗಸ್ಟಿನಲ್ಲಿ ಫುಟ್‌ಬಾಲ್ ಋತುವೂ ಅನುಮಾನಕ್ಕೆ ಬಿತ್ತು. ಕತ್ತರಿ ಹೊರಬಿದ್ದದ್ದು ಆ ವರ್ಷವೇ. ಬ್ರೌನ್, ಡಾರ್ಟ್‌ಮತ್, ಮಿನ್ನೆಸೋಟ, ಅಯೋವ, ಮಿಷಿಗನ್ ಸ್ಟೇಟ್, ಕ್ಲೆಮ್ಸನ್, ವಿಲಿಯಂ ಅಂಡ್ ಮೇರಿ ಹೀಗೆ ಒಂದರ ಹಿಂದೆ ಒಂದು ವಿಶ್ವವಿದ್ಯಾಲಯ ತಂಡಗಳನ್ನು ಮುಚ್ಚುವ ಪ್ರಕಟಣೆ ಹೊರಡಿಸಿತು.

ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ್ದು ಸ್ಟ್ಯಾನ್‌ಫರ್ಡ್. 1994-95ರಿಂದ ಸತತ 25 ವರ್ಷ, ಎಲ್ಲ ಕ್ರೀಡೆಗಳ ಒಟ್ಟು ಸಾಧನೆಗೆ ಕೊಡುವ ಡೈರೆಕ್ಟರ್ಸ್ ಕಪ್ ಗೆದ್ದ ವಿಶ್ವವಿದ್ಯಾಲಯ ಅದು. ಆ ಗೆಲುವಿನ ಗುಟ್ಟೇ ಅದು 36 ತಂಡಗಳನ್ನು ಸಾಕುತ್ತಿದ್ದದ್ದು. ಅದರ ಸಾಲಿನ ಬೇರೆ ವಿಶ್ವವಿದ್ಯಾಲಯಗಳಲ್ಲಿ ಸರಾಸರಿ ಅದರ ಅರ್ಧದಷ್ಟು ತಂಡಗಳಿರುತ್ತವೆ. 2020ರ ಜುಲೈ 8ರಂದು 11 ತಂಡಗಳನ್ನು ನಿಲ್ಲಿಸುವುದಾಗಿ ಅದು ಹೇಳಿತು. ಪುರುಷರ ಮತ್ತು ಮಹಿಳೆಯರ ಕತ್ತಿವರಸೆ, ಮಹಿಳೆಯರ ಹಾಕಿ, ಕುಸ್ತಿ, ಪುರುಷರ ವಾಲಿಬಾಲ್, ಪುರುಷರ ರೋಯಿಂಗ್, ಕಡಿಮೆ ತೂಕದವರ ರೋಯಿಂಗ್, ಎರಡು ಹಾಯಿದೋಣಿ ತಂಡಗಳು, ಸ್ಕ್ವಾಷ್, ಸಮೂಹ ಲಯಬದ್ಧ ಈಜು. 240ಕ್ಕೂ ಹೆಚ್ಚು ವಿದ್ಯಾರ್ಥಿಗಳು, 22 ತರಬೇತುದಾರರು. ಈ 11 ಕ್ರೀಡೆಗಳು ವಿಶ್ವವಿದ್ಯಾಲಯಕ್ಕೆ 20 ರಾಷ್ಟ್ರೀಯ ಪ್ರಶಸ್ತಿಗಳನ್ನೂ 27 ಒಲಿಂಪಿಕ್ ಪದಕಗಳನ್ನೂ ತಂದುಕೊಟ್ಟಿವೆ ಎಂದು ಮುಚ್ಚುವ ಪ್ರಕಟಣೆಯೇ ಹೇಳಿತ್ತು. ಕ್ರೀಡಾ ವಿಭಾಗದ ಕೊರತೆ ಮೂರು ವರ್ಷಗಳಲ್ಲಿ ಸುಮಾರು 7 ಕೋಟಿ ಡಾಲರ್ ಆಗಲಿದೆ, ಈ 11 ತಂಡಗಳನ್ನು ಶಾಶ್ವತವಾಗಿ ಉಳಿಸಲು 20 ಕೋಟಿ ಡಾಲರಿಗೂ ಹೆಚ್ಚು ಬೇಕು ಎಂಬುದು ಅದರ ಲೆಕ್ಕ.

2,700 ಕೋಟಿಯ ಪಕ್ಕದಲ್ಲಿ 20 ಕೋಟಿ ಎಷ್ಟು ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯಗಳು ಕೊಡುವ ಉತ್ತರವನ್ನೂ ಕೇಳಬೇಕು. ದತ್ತಿನಿಧಿ ಎನ್ನುವುದು ಒಂದೇ ಹುಂಡಿಯಲ್ಲ. ದಾನಿಗಳು ಇಂಥ ವಿದ್ಯಾರ್ಥಿವೇತನಕ್ಕೆ, ಇಂಥ ಪೀಠಕ್ಕೆ, ಇಂಥ ಪ್ರಯೋಗಾಲಯಕ್ಕೆ ಎಂದು ಕೊಟ್ಟ ಸಾವಿರಾರು ಗಂಟುಗಳ ಮೊತ್ತ. ಒಂದರ ಹಣವನ್ನು ಇನ್ನೊಂದಕ್ಕೆ ತೆಗೆಯುವಂತಿಲ್ಲ, ಅಸಲನ್ನು ಮುಟ್ಟುವಂತಿಲ್ಲ. ಇದು ನಿಜ. ನಮ್ಮ ಮಠಗಳ, ವಿದ್ಯಾಸಂಸ್ಥೆಗಳ ದತ್ತಿ ಬಲ್ಲವರಿಗೆ ಇದು ಹೊಸದಲ್ಲ. ಆದರೆ ಅದರ ಇನ್ನೊಂದು ಮುಖವೂ ನಿಜ. ಯಾವ ಆಟಕ್ಕೆ ದತ್ತಿ ಇಡಿಸಬೇಕು ಎಂದು ದಾನಿಗಳ ಬಾಗಿಲಿಗೆ ಹೋಗುವುದು ವಿಶ್ವವಿದ್ಯಾಲಯವೇ. ಹೋಗದೇ ಇದ್ದದ್ದೂ ಅದೇ.

ಅಯೋವದ ಲೆಕ್ಕ ಇನ್ನೂ ಸ್ಪಷ್ಟ. 2020ರ ಆಗಸ್ಟಿನಲ್ಲಿ ಅಯೋವ ವಿಶ್ವವಿದ್ಯಾಲಯ ಪುರುಷರ ಜಿಮ್ನಾಸ್ಟಿಕ್ಸ್, ಪುರುಷರ ಟೆನಿಸ್, ಪುರುಷರ ಹಾಗೂ ಮಹಿಳೆಯರ ಈಜು ತಂಡಗಳನ್ನು ಕೈಬಿಟ್ಟಿತು. ಫುಟ್‌ಬಾಲ್ ಮುಂದೂಡಿದ್ದರಿಂದ ಆಗಲಿದ್ದ ಕೊರತೆ 6ರಿಂದ 7.5 ಕೋಟಿ ಡಾಲರ್ ಎಂದಿತು. ನಾಲ್ಕು ತಂಡಗಳಿಂದ ಉಳಿಯುವುದು ವರ್ಷಕ್ಕೆ ಸುಮಾರು 50 ಲಕ್ಷ ಡಾಲರ್. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆ ವರ್ಷ ಕೊನೆಗೆ ಫುಟ್‌ಬಾಲ್ ನಡೆದೇ ನಡೆಯಿತು, ಪುರುಷರ ತಂಡಗಳು ಮಾತ್ರ ಮರಳಲಿಲ್ಲ. ಚಿಟ್ಟೆ ಈಜು ಎಂದು ಇಂದು ಜಗತ್ತೆಲ್ಲ ಬಲ್ಲ ಬಟರ್‌ಫ್ಲೈ ಶೈಲಿ ರೂಪುಗೊಂಡದ್ದು 1930ರ ದಶಕದಲ್ಲಿ ಇದೇ ಅಯೋವದ ಕೊಳದಲ್ಲಿ, ಡೇವಿಡ್ ಆರ್ಮ್‌ಬ್ರಸ್ಟರ್ ಎಂಬ ತರಬೇತುದಾರ ಮತ್ತು ಜ್ಯಾಕ್ ಸೀಗ್ ಎಂಬ ಈಜುಗಾರನ ಪ್ರಯೋಗಗಳಿಂದ. ಅಂಥ ಕೊಳದ ಪುರುಷರ ತಂಡ ಇಂದಿಲ್ಲ ಎನ್ನುವುದು ನನಗೆ ಬರಿಯ ಆಯವ್ಯಯದ ಸುದ್ದಿಯಾಗಿ ಕಾಣುವುದಿಲ್ಲ.

ಉಳಿತಾಯ ಎಂದು ತೋರಿಸುವ ಮೊತ್ತವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಈಜುಗಾರನೊಬ್ಬನಿಗೆ ವಿದ್ಯಾರ್ಥಿವೇತನ ಕೊಟ್ಟರೆ ಕ್ರೀಡಾ ವಿಭಾಗದ ಪುಸ್ತಕದಲ್ಲಿ ಅದು ಖರ್ಚು. ಆ ಹಣ ಹೋಗುವುದು ಮಾತ್ರ ಅದೇ ವಿಶ್ವವಿದ್ಯಾಲಯದ ಬೋಧನಾ ಶುಲ್ಕದ ಖಾತೆಗೆ. ಒಂದೇ ಅಂಗಿಯ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಮೇಲಾಗಿ ಇಂಥ ಕ್ರೀಡೆಗಳಲ್ಲಿ ಎಲ್ಲರಿಗೂ ಪೂರ್ಣ ವೇತನ ಸಿಗುತ್ತಿರಲಿಲ್ಲ. 2025ರವರೆಗಿನ ನಿಯಮದಲ್ಲಿ ಪುರುಷರ ಈಜು ತಂಡವೊಂದಕ್ಕೆ 9.9, ಪುರುಷರ ಟೆನಿಸ್‌ಗೆ 4.5 ವಿದ್ಯಾರ್ಥಿವೇತನಗಳ ಮಿತಿ ಇತ್ತು. ಅದನ್ನೇ ಚೂರುಚೂರು ಮಾಡಿ ಇಡೀ ತಂಡಕ್ಕೆ ಹಂಚಬೇಕು. ಅಂದರೆ ತಂಡದ ಬಹಳಷ್ಟು ಮಕ್ಕಳು ತಮ್ಮ ಶುಲ್ಕದ ದೊಡ್ಡ ಪಾಲನ್ನು ತಾವೇ ಕಟ್ಟುತ್ತಿದ್ದರು. ಸ್ಟ್ಯಾನ್‌ಫರ್ಡಿನಂಥ ಕಡೆ ಒಂದು ಸೀಟು ಖಾಲಿಯಾದರೆ ತುಂಬಲು ನೂರು ಜನ ಕಾದಿರುತ್ತಾರೆ, ಅಲ್ಲಿ ಈ ವಾದಕ್ಕೆ ಬಲ ಕಡಿಮೆ. ಆದರೆ ಸೀಟು ತುಂಬುವುದೇ ಕಷ್ಟವಾಗಿರುವ ಚಿಕ್ಕ ಕಾಲೇಜುಗಳಲ್ಲಿ ಲೆಕ್ಕ ತಿರುಗುಮುರುಗು. ಎನ್‌ಸಿಎಎ ವಿಂಗಡಣೆಯಲ್ಲಿ ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಮೂರನೆಯ ಹಂತದ ಎಷ್ಟೋ ಕಾಲೇಜುಗಳು ಹೊಸ ತಂಡ ಕಟ್ಟುವುದೇ ವಿದ್ಯಾರ್ಥಿಗಳನ್ನು ಸೆಳೆಯಲು. ಅಲ್ಲಿ ಕುಸ್ತಿ ತಂಡ ಎಂದರೆ ಶುಲ್ಕ ಕಟ್ಟುವ ಮೂವತ್ತು ಹುಡುಗರು.

ಇಷ್ಟಾದರೂ ಕತ್ತರಿ ಹೆಚ್ಚಾಗಿ ಪುರುಷರ ಚಿಕ್ಕ ಕ್ರೀಡೆಗಳ ಮೇಲೆಯೇ ಏಕೆ ಬೀಳುತ್ತದೆ? ಇದಕ್ಕೆ ಬಹಳ ಜನ 1972ರ ಟೈಟಲ್ ನೈನ್ ಕಾನೂನನ್ನು ದೂರುತ್ತಾರೆ. ಒಕ್ಕೂಟ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಲಿಂಗದ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ ಎನ್ನುವ ಕಾನೂನು ಅದು. ಕ್ರೀಡೆಗೆ ಅನ್ವಯಿಸುವಾಗ ಮೂರು ಪರೀಕ್ಷೆಗಳಲ್ಲಿ ಒಂದನ್ನಾದರೂ ಗೆಲ್ಲಬೇಕು. ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟೋ ಕ್ರೀಡಾಪಟುಗಳಲ್ಲೂ ಸರಿಸುಮಾರು ಅಷ್ಟಿರಬೇಕು, ಇಲ್ಲವೇ ಮಹಿಳಾ ಕ್ರೀಡೆಯನ್ನು ನಿರಂತರವಾಗಿ ವಿಸ್ತರಿಸುತ್ತ ಬಂದಿರಬೇಕು, ಇಲ್ಲವೇ ಅವರ ಆಸಕ್ತಿಯನ್ನು ಪೂರ್ತಿ ಪೂರೈಸಿರಬೇಕು. ಒಂದು ವಿಶ್ವವಿದ್ಯಾಲಯದಲ್ಲಿ ನೂರಕ್ಕೆ 55 ಮಂದಿ ಹೆಣ್ಣುಮಕ್ಕಳು ಎಂದುಕೊಳ್ಳೋಣ. ಫುಟ್‌ಬಾಲ್ ಒಂದೇ ನೂರಕ್ಕೂ ಹೆಚ್ಚು ಗಂಡುಮಕ್ಕಳನ್ನು ನುಂಗುತ್ತದೆ, ಅದಕ್ಕೆ ಸಮನಾದ ಮಹಿಳಾ ಕ್ರೀಡೆ ಇಲ್ಲ. ಲೆಕ್ಕ ಸರಿದೂಗಿಸಬೇಕಾದರೆ ಒಂದೋ ಮಹಿಳಾ ತಂಡಗಳನ್ನು ಹೆಚ್ಚಿಸಬೇಕು, ಇಲ್ಲವೇ ಫುಟ್‌ಬಾಲನ್ನು ಕುಗ್ಗಿಸಬೇಕು, ಇಲ್ಲವೇ ಕುಸ್ತಿ, ಜಿಮ್ನಾಸ್ಟಿಕ್ಸ್, ಟೆನಿಸ್ ಆಡುವ ಗಂಡುಮಕ್ಕಳನ್ನು ಹೊರಗೆ ಕಳುಹಿಸಬೇಕು. ಮೂರನೆಯದನ್ನು ಮಾಡಿ ಎಂದು ಕಾನೂನು ಎಲ್ಲಿಯೂ ಹೇಳಿಲ್ಲ. ಅದು ಆಡಳಿತದ ಆಯ್ಕೆ. ತಪ್ಪನ್ನು ಹೆಣ್ಣುಮಕ್ಕಳ ಹಕ್ಕಿನ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

ಅದೇ ಕಾನೂನು ಅಯೋವದಲ್ಲಿ ಏನು ಮಾಡಿತು ನೋಡಿ. ಮಹಿಳಾ ಈಜುಗಾರರು ನ್ಯಾಯಾಲಯಕ್ಕೆ ಹೋದರು. 2020ರ ಡಿಸೆಂಬರಿನಲ್ಲಿ ತಡೆಯಾಜ್ಞೆ ಬಂತು, 2021ರ ಫೆಬ್ರುವರಿಯಲ್ಲಿ ಮಹಿಳೆಯರ ಈಜು ತಂಡ ಮರಳಿತು. ಅಷ್ಟೇ ಅಲ್ಲ, ಅದೇ ವರ್ಷ ಅಯೋವ ಮಹಿಳೆಯರ ಕುಸ್ತಿ ತಂಡವನ್ನೂ ಘೋಷಿಸಿತು. ದೊಡ್ಡ ಕೂಟಗಳ ವಿಶ್ವವಿದ್ಯಾಲಯಗಳಲ್ಲಿ ಅದು ಮೊದಲನೆಯದು. ಆ ತಂಡ 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಹಣವೇ ಇಲ್ಲ ಎಂದಿದ್ದ ವಿಭಾಗದಲ್ಲಿ, ಕೊಡಲೇಬೇಕಾದಾಗ ಹೊಸ ತಂಡಕ್ಕೂ ಹಣ ಹುಟ್ಟಿತು.

ಸ್ಟ್ಯಾನ್‌ಫರ್ಡಿನಲ್ಲಿ ಹೋರಾಟ ಬೇರೆ ದಾರಿ ಹಿಡಿಯಿತು. ಅಲ್ಲಿ ಆಡಿ ಹೆಸರಾದ ಹಳೆಯ ವಿದ್ಯಾರ್ಥಿಗಳು ಒಂದಾದರು. ಮೂರು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಜೆನಿಂಗ್ಸ್, ಫುಟ್‌ಬಾಲ್ ತಾರೆ ಆ್ಯಂಡ್ರ್ಯೂ ಲಕ್ ಅವರಲ್ಲಿದ್ದರು. ಆದಾಯದ ಕ್ರೀಡೆಯಿಂದ ಬಂದವರೂ ಕತ್ತಿವರಸೆಯವರ ಪರ ನಿಂತರು ಎಂಬುದನ್ನು ಗಮನಿಸಬೇಕು. ಹಣ ಸಂಗ್ರಹವಾಯಿತು, ಮೇ ತಿಂಗಳಲ್ಲಿ ದಾವೆಗಳೂ ಹೂಡಲ್ಪಟ್ಟವು. ಗ್ರಿಫಿತ್ ಗೆದ್ದ ಎರಡು ತಿಂಗಳಿಗೆ, 2021ರ ಮೇ 18ರಂದು, ವಿಶ್ವವಿದ್ಯಾಲಯ ತನ್ನ ನಿರ್ಧಾರವನ್ನು ಹಿಂದಕ್ಕೆ ಪಡೆದು 11 ತಂಡಗಳನ್ನೂ ಉಳಿಸಿತು. ಡಾರ್ಟ್‌ಮತ್, ವಿಲಿಯಂ ಅಂಡ್ ಮೇರಿ, ಕ್ಲೆಮ್ಸನ್ ಕೂಡ ಹಿಂದೆ ಸರಿದವು. ಆದರೆ ಉಳಿದ ತಂಡಗಳ ಪಟ್ಟಿ ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಎಲ್ಲಿ ಶ್ರೀಮಂತ ಹಳೆಯ ವಿದ್ಯಾರ್ಥಿಗಳಿದ್ದರೋ, ಎಲ್ಲಿ ವಕೀಲರ ಬಲವಿತ್ತೋ ಅಲ್ಲಿ ತಂಡಗಳು ಉಳಿದವು. ಎರಡೂ ಇಲ್ಲದ ಕಡೆ ಸದ್ದಿಲ್ಲದೆ ಅಳಿದವು.

ಕೋವಿಡ್ ಹೋಯಿತು. ಒತ್ತಡ ಹೋಗಲಿಲ್ಲ, ರೂಪ ಬದಲಿಸಿತು. 2023ರಲ್ಲಿ ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟ ಒಡೆದುಹೋಯಿತು. ಕಾರಣ ಫುಟ್‌ಬಾಲ್ ಪ್ರಸಾರದ ಹಣ. ಅತಂತ್ರವಾದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಗಳು ಅಟ್ಲಾಂಟಿಕ್ ಕರಾವಳಿಯ ಕೂಟವನ್ನು ಸೇರಿಕೊಂಡವು, ಅದೂ ಪ್ರಸಾರದ ಹಣದಲ್ಲಿ ಮೊದಲ ಕೆಲವು ವರ್ಷ ಕಡಿಮೆ ಪಾಲಿಗೆ ಒಪ್ಪಿ. ಈಗ ಕ್ಯಾಲಿಫೋರ್ನಿಯದ ವಾಲಿಬಾಲ್ ಆಟಗಾರ್ತಿ ಕೂಟದ ಪಂದ್ಯಕ್ಕಾಗಿ ಖಂಡದ ಇನ್ನೊಂದು ತುದಿಗೆ ಹಾರಬೇಕು. ಫುಟ್‌ಬಾಲಿಗಾಗಿ ಮಾಡಿದ ಮದುವೆ, ಪ್ರಯಾಣದ ಖರ್ಚು ಮತ್ತು ತಪ್ಪುವ ತರಗತಿಗಳ ಹೊರೆ ಎಲ್ಲ ಆಟಗಳ ಮೇಲೆ.

ಇನ್ನೊಂದು ದೊಡ್ಡ ಬದಲಾವಣೆ 2025ರ ಜೂನ್ 6ರದು. ಆಟಗಾರರೇ ಹೂಡಿದ್ದ ಮೊಕದ್ದಮೆಯಲ್ಲಿ, ಹೌಸ್ ಒಪ್ಪಂದ ಎಂದು ಕರೆಯುವ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಇನ್ನು ಮುಂದೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, 2025-26ರಲ್ಲಿ ಒಂದೊಂದಕ್ಕೆ ಮಿತಿ 2.05 ಕೋಟಿ ಡಾಲರ್. ದಶಕಗಳ ಕಾಲ ಇತರರ ಜೇಬು ತುಂಬಿಸಿದ ಫುಟ್‌ಬಾಲ್ ಹುಡುಗರಿಗೆ ಅವರ ಬೆವರಿನ ಬೆಲೆ ಸಿಗುವುದು ನ್ಯಾಯವೇ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ 2 ಕೋಟಿ ಎಲ್ಲಿಂದ ಬರಬೇಕು? ಹೊಸ ಹಣ ಆಕಾಶದಿಂದ ಇಳಿಯಲಿಲ್ಲ. ಪರಿಹಾರದ ಮೊತ್ತದ ಒಂದು ಭಾಗಕ್ಕಾಗಿ ಎನ್‌ಸಿಎಎ ಹಂಚುವ ಹಣದಲ್ಲಿ ಎಲ್ಲ ಕೂಟಗಳಿಗೂ ಕಡಿತವಾಯಿತು, ಫುಟ್‌ಬಾಲನ್ನೇ ಆಡದ ವಿಶ್ವವಿದ್ಯಾಲಯಗಳಿಗೂ ಸೇರಿ. ಕ್ಯಾಲಿಫೋರ್ನಿಯದ ಕ್ಯಾಲ್ ಪಾಲಿ 2025ರ ಮಾರ್ಚ್‌ನಲ್ಲಿ, ಒಪ್ಪಂದ ಅಂತಿಮವಾಗುವ ಮೊದಲೇ, ತನ್ನ ಈಜು ಮತ್ತು ಡೈವಿಂಗ್ ತಂಡಗಳನ್ನು ಮುಚ್ಚಿತು. ಪೆನ್ಸಿಲ್ವೇನಿಯದ ಸೇಂಟ್ ಫ್ರಾನ್ಸಿಸ್ ಮೊದಲ ಹಂತದಿಂದ ಮೂರನೆಯ ಹಂತಕ್ಕೆ ಇಳಿಯುವುದಾಗಿ ಹೇಳಿತು.

ಈ ಒಪ್ಪಂದದ ಇನ್ನೊಂದು ನಿಯಮ ಅಷ್ಟಾಗಿ ಸುದ್ದಿಯಾಗಲಿಲ್ಲ. ಹಳೆಯ ವಿದ್ಯಾರ್ಥಿವೇತನದ ಮಿತಿಗಳು ಹೋಗಿ, ತಂಡದಲ್ಲಿ ಇಷ್ಟೇ ಜನ ಇರಬೇಕು ಎಂಬ ಮಿತಿ ಬಂತು. ವಿದ್ಯಾರ್ಥಿವೇತನವಿಲ್ಲದೆ, ಆಟದ ಪ್ರೀತಿಯಿಂದ ತಂಡದ ಬಾಲದಲ್ಲಿ ಸೇರಿಕೊಂಡು ಮೂರನೆಯ ವರ್ಷಕ್ಕೆ ಮುಂಚೂಣಿಗೆ ಬರುವ ಹುಡುಗರಿಗೆ ಅಲ್ಲಿ ಯಾವಾಗಲೂ ಒಂದು ಬಾಗಿಲು ತೆರೆದಿತ್ತು. ಅದು ಈಗ ಕಿರಿದಾಗಿದೆ. 2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶವೊಂದು, ವರ್ಷಕ್ಕೆ 12.5 ಕೋಟಿ ಡಾಲರಿಗಿಂತ ಹೆಚ್ಚು ಕ್ರೀಡಾ ಆದಾಯವಿರುವ ವಿಶ್ವವಿದ್ಯಾಲಯಗಳು ಆದಾಯ ತರದ ಕ್ರೀಡೆಗಳಿಗೆ ವಿದ್ಯಾರ್ಥಿವೇತನ ಹೆಚ್ಚಿಸಬೇಕು ಎಂದಿತು. ಹಣದ ಮೂಲವನ್ನು ಅದು ತೋರಿಸಲಿಲ್ಲ.

ಎನ್‌ಸಿಎಎ ನಿಯಮದಂತೆ ಅತ್ಯುನ್ನತ ಫುಟ್‌ಬಾಲ್ ಹಂತದಲ್ಲಿರಬೇಕಾದರೆ ಕನಿಷ್ಠ 16 ತಂಡಗಳಿರಬೇಕು. ಚಿಕ್ಕ ಕ್ರೀಡೆಗಳಿಗೆ ಇಂದು ಇರುವ ಗಟ್ಟಿಯಾದ ಬೇಲಿ ಇದೊಂದೇ. ಅದಕ್ಕಿಂತ ಹೆಚ್ಚು ತಂಡಗಳಿರುವ ಪ್ರತಿ ವಿಶ್ವವಿದ್ಯಾಲಯದಲ್ಲೂ ಹದಿನೇಳನೆಯ ತಂಡದಿಂದಾಚೆಗಿನವರು ಜೀವ ಕೈಯಲ್ಲಿ ಹಿಡಿದು ಕೂತಿದ್ದಾರೆ.

ಇದು ದೂರದ ದೇಶದ ಮಾತು ಮಾತ್ರವಲ್ಲ. ಬೆಂಗಳೂರಿನ ಮಹೇಶ್ ಭೂಪತಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಪರ ಆಡಿ 1995ರಲ್ಲಿ ಕಾಲೇಜು ಡಬಲ್ಸ್ ಚಾಂಪಿಯನ್ ಆದವರು. ಎತ್ತರ ಜಿಗಿತದ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಓದುತ್ತ 2018 ಮತ್ತು 2022ರಲ್ಲಿ ಎನ್‌ಸಿಎಎ ಪ್ರಶಸ್ತಿ ಗೆದ್ದವರು. ಇಬ್ಬರೂ ಏರಿದ್ದು ಆದಾಯ ತರದ ಕ್ರೀಡೆಗಳ ಏಣಿಯನ್ನು. ಟೆನಿಸ್ ಅಥವಾ ಈಜಿನ ಬಲದಿಂದ ಅಮೆರಿಕದ ಕಾಲೇಜು ಸೇರುವ ಆಸೆಯಿರುವ ಮಕ್ಕಳ ತಂದೆತಾಯಿಗಳು, ಇಲ್ಲಿರಲಿ ಅಲ್ಲಿರಲಿ, ಒಂದು ಪ್ರಶ್ನೆಯನ್ನು ತರಬೇತುದಾರರಿಗೆ ನೇರವಾಗಿ ಕೇಳಬೇಕು. ಈ ತಂಡಕ್ಕೆ ತನ್ನದೇ ದತ್ತಿನಿಧಿ ಇದೆಯೇ, ಇಲ್ಲ ವರ್ಷವರ್ಷದ ಆಯವ್ಯಯದ ಮೇಲೆ ನಿಂತಿದೆಯೇ? ತಂಡ ಮುಚ್ಚಿದರೂ ಕೊಟ್ಟ ವಿದ್ಯಾರ್ಥಿವೇತನವನ್ನು ಓದು ಮುಗಿಯುವವರೆಗೆ ಮುಂದುವರಿಸುವುದಾಗಿ ಸ್ಟ್ಯಾನ್‌ಫರ್ಡ್‌ನಂಥ ಕಡೆ ಹೇಳಿದ್ದುಂಟು. ಆದರೆ ಆಡಬೇಕೆಂದರೆ ಬೇರೆ ವಿಶ್ವವಿದ್ಯಾಲಯ ಹುಡುಕಬೇಕು, ಬೇರೆ ಊರಿಗೆ ಹೋಗಬೇಕು, ಓದಿದ ಪಠ್ಯಗಳ ಅಂಕಗಳನ್ನು ಹೊಸ ಕಡೆ ಒಪ್ಪಿಸಬೇಕು. ವೀಸಾದ ಮೇಲೆ ಹೋದವರಿಗೆ ಆ ಕಾಗದಪತ್ರಗಳ ಓಡಾಟ ಬೇರೆ.

ಪುರುಷರ ಜಿಮ್ನಾಸ್ಟಿಕ್ಸ್ ತಂಡಗಳು ಇಡೀ ಅಮೆರಿಕದಲ್ಲಿ ಈಗ ಉಳಿದಿರುವುದು ಸುಮಾರು ಹದಿನೈದು ಕಡೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರು ತಂಡ ವಿಭಾಗದಲ್ಲಿ ಕಂಚು ಗೆದ್ದರು, 16 ವರ್ಷಗಳ ನಂತರ. ಕನ್ನಡಕ ತೆಗೆದಿಟ್ಟು ಪಾಮೆಲ್ ಹಾರ್ಸ್ ಏರಿದ ಸ್ಟೀಫನ್ ನೆಡೊರೊಸ್ಸಿಕ್ ಅವರ ದೃಶ್ಯ ನಮ್ಮ ಮೊಬೈಲುಗಳಿಗೂ ಬಂದಿತ್ತು. ಆ ಐವರೂ ಮೂರೇ ಮೂರು ವಿಶ್ವವಿದ್ಯಾಲಯಗಳವರು. ಇಬ್ಬರು ಸ್ಟ್ಯಾನ್‌ಫರ್ಡ್, ಇಬ್ಬರು ಮಿಷಿಗನ್, ನೆಡೊರೊಸ್ಸಿಕ್ ಪೆನ್ ಸ್ಟೇಟ್. ಆ ಮೂರು ವ್ಯಾಯಾಮಶಾಲೆಗಳಿಗೆ ಬೀಗ ಬಿದ್ದಿದ್ದರೆ ಆ ಕಂಚು ಇರುತ್ತಿರಲಿಲ್ಲ.

ಮಿನ್ನೆಸೋಟದ ವ್ಯಾಯಾಮಶಾಲೆಗೆ ಬಿತ್ತು. ನೂರು ವರ್ಷಕ್ಕೂ ಹಳೆಯದಾದ ಅಲ್ಲಿಯ ಪುರುಷರ ಜಿಮ್ನಾಸ್ಟಿಕ್ಸ್ ತಂಡದ ಕೊನೆಯ ಋತು 2021ರದು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಆತಿಥ್ಯ ಮೊದಲೇ ನಿಗದಿಯಾದಂತೆ ಮಿನ್ನೆಸೋಟದ್ದೇ ಆಗಿತ್ತು. ಏಪ್ರಿಲ್‌ನಲ್ಲಿ, ತಮ್ಮದೇ ಅಂಗಳದಲ್ಲಿ, ಬೇರೆ ತಂಡಗಳನ್ನು ಬರಮಾಡಿಕೊಂಡು, ಮಿನ್ನೆಸೋಟದ ಹುಡುಗರು ಕೊನೆಯ ಬಾರಿ ಆ ಸಮವಸ್ತ್ರದಲ್ಲಿ ಸ್ಪರ್ಧಿಸಿದರು. ಅವರಲ್ಲಿ ಶೇನ್ ವಿಸ್ಕಸ್ ಎಂಬವರೂ ಇದ್ದರು. ಮೂರು ತಿಂಗಳಿಗೆ ಅವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡದಲ್ಲಿದ್ದರು.